ನಗರಸಭೆ, ಪಾಲಿಕೆಗಳ ಟೆಂಡರ್: ಸಣ್ಣ ಉದ್ದಿಮೆಗಳು ಹುಡುಕುವ, ಲೆಕ್ಕ ಹಾಕುವ, ಪಡೆಯುವ ಬಗೆ

ಒಂದು ನಗರಸಭೆ ವರ್ಷವಿಡೀ ಏನೇನು ಕೊಳ್ಳುತ್ತದೆ ಎಂದು ಕೇಳಿದರೆ ಹೆಚ್ಚಿನವರು ರಸ್ತೆ ಮತ್ತು ಚರಂಡಿಯನ್ನಷ್ಟೇ ಹೆಸರಿಸುತ್ತಾರೆ. ಆದರೆ ಅದು ನೀರು ಶುದ್ಧೀಕರಣಕ್ಕೆ ಆಲಂ ಮತ್ತು ಬ್ಲೀಚಿಂಗ್ ಪೌಡರ್ ತರಿಸುತ್ತದೆ, ಕೊಳವೆಬಾವಿಯ ಮೋಟಾರ್ ಸುಟ್ಟರೆ ರಿವೈಂಡಿಂಗ್ ಮಾಡಿಸುತ್ತದೆ, ಬೀದಿದೀಪಗಳ ನಿರ್ವಹಣೆಯನ್ನು ಗುತ್ತಿಗೆಗೆ ಕೊಡುತ್ತದೆ, ಕಸದ ಆಟೋ ಟಿಪ್ಪರ್‌ಗಳಿಗೆ ಟೈರು ಮತ್ತು ಬಿಡಿಭಾಗ ಕೊಳ್ಳುತ್ತದೆ, ಪೌರಕಾರ್ಮಿಕರಿಗೆ ಸಮವಸ್ತ್ರ, ಕೈಗವಸು ಮತ್ತು ಬೆಳಗಿನ ಉಪಾಹಾರ ಒದಗಿಸುತ್ತದೆ, ಕಚೇರಿಗೆ ಬೇಕಾದ ಕಂಪ್ಯೂಟರ್ ಆಪರೇಟರ್‌ಗಳನ್ನೂ ವಾಹನ ಚಾಲಕರನ್ನೂ ಏಜೆನ್ಸಿಗಳ ಮೂಲಕ ಪಡೆಯುತ್ತದೆ. ಊರಿನ ವರ್ಕ್‌ಶಾಪ್, ಹೊಲಿಗೆ ಘಟಕ ಅಥವಾ ಎಲೆಕ್ಟ್ರಿಕಲ್ ಅಂಗಡಿ ಸಲೀಸಾಗಿ ಮಾಡಬಹುದಾದ ಈ ಕೆಲಸಗಳು ಎಷ್ಟೋ ಸಲ ದೂರದ ಜಿಲ್ಲೆಯವರ ಪಾಲಾಗುವುದನ್ನು ನಾನು ಕಂಡಿದ್ದೇನೆ. ಸಣ್ಣ ಗುತ್ತಿಗೆದಾರರ ಟೆಂಡರ್ ಕಡತ ಸಿದ್ಧಪಡಿಸುವುದೇ ನನ್ನ ಕೆಲಸ. ಸೋತವರ ಕಡತಗಳನ್ನು ತಿರುಗಿಸಿ ನೋಡಿದಾಗ ಅವರಿಗೆ ಕೆಲಸ ಗೊತ್ತಿಲ್ಲದಿದ್ದುದು ಕಾರಣವಾಗಿದ್ದ ಉದಾಹರಣೆ ತೀರಾ ಕಡಿಮೆ. ಒಂದೋ ಕಾಗದಪತ್ರ ಸಿದ್ಧವಿರಲಿಲ್ಲ, ಇಲ್ಲವೇ ತಮಗೆ ಹೊಂದದ ಟೆಂಡರಿಗೆ ಕೈ ಹಾಕಿದ್ದರು.

ಕರ್ನಾಟಕದಲ್ಲಿ ಈ ಖರೀದಿಗಳೆಲ್ಲ ನಡೆಯುವುದು 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು ಅದರಡಿ 2000ದಲ್ಲಿ ಬಂದ ನಿಯಮಗಳ ಪ್ರಕಾರ. ಕಚೇರಿಗಳಲ್ಲಿ ಇದನ್ನು ಕೆಟಿಪಿಪಿ ಕಾಯ್ದೆ ಎನ್ನುತ್ತಾರೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಈ ನಾಲ್ಕೂ ಹಂತದ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ಮಾತ್ರ ಚಿತ್ರ ಬದಲಾಗಿದೆ: 2025ರ ಸೆಪ್ಟೆಂಬರ್‌ನಿಂದ ಹಳೆಯ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಿವೆ. ಆದ್ದರಿಂದ ಅಲ್ಲಿ ಟೆಂಡರ್ ಹುಡುಕುವವರು ಹಳೆಯ ಒಂದೇ ಹೆಸರನ್ನು ನೆಚ್ಚಿಕೊಂಡು ಕೂರಬಾರದು. ಹೊಸದಾಗಿ ಇಳಿಯುವವರಿಗೆ ನನ್ನ ಸಲಹೆ ಇಷ್ಟು: ಮೊದಲ ಎರಡು ವರ್ಷ ನಿಮ್ಮ ಊರಿನ ಅಥವಾ ಪಕ್ಕದ ತಾಲ್ಲೂಕಿನ ಪುರಸಭೆ, ನಗರಸಭೆಗಳಲ್ಲೇ ಕೆಲಸ ಮಾಡಿ. ಮೊತ್ತ ಸಣ್ಣದಿದ್ದರೂ ಅರ್ಹತೆಯ ಷರತ್ತುಗಳು ಹಗುರ. ಅಲ್ಲಿ ಸಿಗುವ ಅನುಭವ ಪ್ರಮಾಣಪತ್ರ ಮುಂದೆ ದೊಡ್ಡ ಪಾಲಿಕೆಯಲ್ಲೂ ನಡೆಯುತ್ತದೆ.

ಟೆಂಡರ್ ಎಲ್ಲಿ, ಯಾವಾಗ ಹುಟ್ಟುತ್ತದೆ

ಪ್ರಕಟಣೆ ಬಂದ ಮೇಲೆ ಓಡಾಡಲು ಶುರು ಮಾಡುವವರಿಗೆ ಸಮಯ ಸಾಲುವುದಿಲ್ಲ. ಒಂದು ಕಾಮಗಾರಿ ಟೆಂಡರ್ ರೂಪ ತಾಳುವ ಮೊದಲು ಬಜೆಟ್‌ನಲ್ಲಿ, ಆಮೇಲೆ ಕ್ರಿಯಾ ಯೋಜನೆಯಲ್ಲಿ, ಆಮೇಲೆ ಎಂಜಿನಿಯರ್ ತಯಾರಿಸುವ ಅಂದಾಜು ಪಟ್ಟಿಯಲ್ಲಿ ಕಾಣಿಸಿಕೊಂಡಿರುತ್ತದೆ. ಸ್ಥಳೀಯ ಸಂಸ್ಥೆಯ ಬಜೆಟ್ ಮಾರ್ಚ್ ಕೊನೆಯೊಳಗೆ ಮಂಡನೆಯಾಗಬೇಕು. ಹಣಕಾಸು ಆಯೋಗದ ಅನುದಾನ, ರಾಜ್ಯ ಹಣಕಾಸು ಆಯೋಗದ ಎಸ್‌ಎಫ್‌ಸಿ ನಿಧಿ, ರಾಜ್ಯದ ನಗರೋತ್ಥಾನ ಯೋಜನೆ ಮತ್ತು ಸಂಸ್ಥೆಯ ಸ್ವಂತ ನಿಧಿಗಳಿಗೆ ಬೇರೆ ಬೇರೆ ಕ್ರಿಯಾ ಯೋಜನೆಗಳಿರುತ್ತವೆ. ಸ್ವಂತ ನಿಧಿಯೊಳಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಮೀಸಲಿಡುವುದರಿಂದ ಹೊಲಿಗೆ ಯಂತ್ರ, ಲ್ಯಾಪ್‌ಟಾಪ್, ತ್ರಿಚಕ್ರ ವಾಹನ ಮುಂತಾದವುಗಳ ಖರೀದಿ ಪ್ರತಿವರ್ಷ ಬರುತ್ತದೆ. ಸಾಮಾನ್ಯ ಸಭೆಯ ನಡಾವಳಿ ಮತ್ತು ಅನುಮೋದಿತ ಕ್ರಿಯಾ ಯೋಜನೆ ಸಾರ್ವಜನಿಕ ದಾಖಲೆಗಳು. ಕೇಳಿ ಪಡೆಯಿರಿ, ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದನ್ನು ಓದಿದವರಿಗೆ ಮುಂದಿನ ಆರು ತಿಂಗಳಲ್ಲಿ ಯಾವ ಕೆಲಸ ಬರಲಿದೆಯೆಂಬುದು ಮಾತ್ರವಲ್ಲದೆ ಅದಕ್ಕೆ ಹಣ ಯಾವ ತಲೆಬರಹದಿಂದ, ಅಂದರೆ ಯಾವ ನಿಧಿಯ ಲೆಕ್ಕದಿಂದ, ಬರುತ್ತದೆ ಎಂಬುದೂ ಗೊತ್ತಾಗುತ್ತದೆ. ಬಿಲ್ ಎಷ್ಟು ಬೇಗ ಪಾವತಿಯಾಗುತ್ತದೆ ಎಂಬುದಕ್ಕೆ ಆ ತಲೆಬರಹಕ್ಕಿಂತ ಒಳ್ಳೆಯ ಸೂಚನೆ ಬೇರಿಲ್ಲ. ಅನುದಾನ ಈಗಾಗಲೇ ಬಿಡುಗಡೆಯಾಗಿರುವ ಕೆಲಸಕ್ಕೂ, ತೆರಿಗೆ ವಸೂಲಾದರೆ ಪಾವತಿಸೋಣ ಎಂದು ಕೈಗೆತ್ತಿಕೊಂಡ ಕೆಲಸಕ್ಕೂ ಬಹಳ ಅಂತರವಿದೆ.

ಪ್ರಕಟವಾದ ಟೆಂಡರ್‌ಗಳನ್ನು ನೋಡುವ ಜಾಗ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್, ಎಲ್ಲರ ಬಾಯಲ್ಲಿ ಕೆಪಿಪಿಪಿ. ಹಳೆಯ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದ ಸ್ಥಾನದಲ್ಲಿ ಬಂದದ್ದು ಇದು. ಲಾಗಿನ್ ಇಲ್ಲದೆಯೂ ಇಲ್ಲಿ ಟೆಂಡರ್ ಹುಡುಕಬಹುದು. ಕಾಮಗಾರಿ, ಸರಕು, ಸೇವೆ ಎಂಬ ಮೂರು ವಿಭಾಗಗಳಲ್ಲಿ ನಿಮ್ಮದನ್ನು ಆರಿಸಿಕೊಳ್ಳಿ. ಬೆಂಗಳೂರಿನ ಹೊರಗಿನ ನಗರ ಸಂಸ್ಥೆಗಳ ಟೆಂಡರ್‌ಗಳು ಹೆಚ್ಚಾಗಿ ಪೌರಾಡಳಿತ ನಿರ್ದೇಶನಾಲಯದ ಹೆಸರಿನಡಿ ಬರುತ್ತವೆ. ಊರಿನ ಹೆಸರೊಂದನ್ನೇ ಹಾಕಿ ಹುಡುಕಿದರೆ ಎಷ್ಟೋ ಟೆಂಡರ್ ತಪ್ಪಿಹೋಗುತ್ತವೆ, ಏಕೆಂದರೆ ಶೀರ್ಷಿಕೆಯಲ್ಲಿ ವಾರ್ಡ್ ಸಂಖ್ಯೆಯೋ ಬಡಾವಣೆಯ ಹೆಸರೋ ಮಾತ್ರ ಇರುವುದುಂಟು. ವಾರಕ್ಕೆ ಎರಡು ದಿನ, ನಿಗದಿತ ಹೊತ್ತಿನಲ್ಲಿ, ಒಬ್ಬರೇ ಕುಳಿತು ನೋಡುವ ಅಭ್ಯಾಸವಿಟ್ಟುಕೊಳ್ಳಿ. ಮುಗಿದ ಟೆಂಡರ್‌ಗಳ ಫಲಿತಾಂಶವೂ ಅಲ್ಲೇ ಸಿಗುತ್ತದೆ. ನಿಮ್ಮ ಕ್ಷೇತ್ರದಲ್ಲಿ ಕಳೆದ ವರ್ಷ ಎಷ್ಟು ಜನ ಹಾಕಿದ್ದರು, ಅಂದಾಜಿಗಿಂತ ಶೇಕಡಾ ಎಷ್ಟು ಕೆಳಗೆ ಹೋಗಿದ್ದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ದರ ನಿರ್ಧರಿಸುವ ದಿನ ಅದು ನೆರವಿಗೆ ಬರುತ್ತದೆ.

ಎಲ್ಲ ಖರೀದಿಯೂ ಟೆಂಡರ್ ಮೂಲಕವೇ ಆಗುವುದಿಲ್ಲ ಎಂಬುದೂ ತಿಳಿದಿರಲಿ. ಸಣ್ಣ ಮೊತ್ತದ ಖರೀದಿಗಳಿಗೆ ಕೊಟೇಶನ್ ಸಾಕು. ಹೊಸಬರಿಗೆ ಅದೇ ಒಳ್ಳೆಯ ಹೆಬ್ಬಾಗಿಲು. ನಿಮ್ಮ ಪರಿಚಯ ಪತ್ರ, ದರಪಟ್ಟಿ ಮತ್ತು ಜಿಎಸ್‌ಟಿ ಪ್ರತಿಯನ್ನು ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಯ್ದೆಯ 4ನೇ ಕಲಂನ ಜಿ ಉಪಖಂಡದಡಿ ಸರ್ಕಾರ ವಿನಾಯಿತಿ ಕೊಟ್ಟ ಕೆಲಸಗಳೂ ಉಂಟು. ‘4ಜಿ ವಿನಾಯಿತಿ’ ಎಂದು ಕೇಳಿದರೆ ಆ ಕೆಲಸ ಸ್ಪರ್ಧೆಗೆ ಬರುವುದಿಲ್ಲ ಎಂದು ತಿಳಿದು ಬೇರೆಡೆಗೆ ಗಮನ ಕೊಡಿ.

ವರ್ಷವಿಡೀ ಸಿದ್ಧವಿರಬೇಕಾದ ಕಡತ

ಪ್ಯಾನ್, ಜಿಎಸ್‌ಟಿ ನೋಂದಣಿ, ಸಣ್ಣ ಉದ್ದಿಮೆಯೆಂದು ನೋಂದಾಯಿಸಿಕೊಂಡದ್ದಕ್ಕೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರ, ಕಳೆದ ಐದು ವರ್ಷಗಳ ಲೆಕ್ಕಪರಿಶೋಧಿತ ಬ್ಯಾಲೆನ್ಸ್ ಶೀಟ್, ಆದಾಯ ತೆರಿಗೆ ರಿಟರ್ನ್, ಲೆಕ್ಕಪರಿಶೋಧಕರು ಕೊಟ್ಟ ವಹಿವಾಟಿನ ಪ್ರಮಾಣಪತ್ರ, ಬ್ಯಾಂಕಿನ ಸಾಲ ಸೌಲಭ್ಯದ ಪತ್ರ ಇವೆಲ್ಲ ಒಂದೇ ಫೋಲ್ಡರಿನಲ್ಲಿ ಸ್ಕ್ಯಾನ್ ಆಗಿರಲಿ. ಸಿವಿಲ್ ಕಾಮಗಾರಿಗೆ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ ಬೇಕು, ಅದೂ ಟೆಂಡರ್ ಮೊತ್ತಕ್ಕೆ ಹೊಂದುವ ದರ್ಜೆಯದು. ಬೀದಿದೀಪದ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಗುತ್ತಿಗೆದಾರರ ಪರವಾನಗಿ ಬೇಕು. ಮಾನವ ಸಂಪನ್ಮೂಲ ಪೂರೈಸುವವರು ಭವಿಷ್ಯ ನಿಧಿಯ (ಇಪಿಎಫ್) ಮತ್ತು ನೌಕರರ ವಿಮೆಯ ಇಎಸ್‌ಐ ನೋಂದಣಿಯಷ್ಟೇ ಅಲ್ಲದೆ ತಿಂಗಳು ತಿಂಗಳು ವಂತಿಗೆ ಕಟ್ಟಿದ ಚಲನ್‌ಗಳನ್ನೂ ತೋರಿಸಬೇಕಾಗುತ್ತದೆ.

ಉದ್ಯಮ್ ನೋಂದಣಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸಣ್ಣ ಉದ್ದಿಮೆಗಳಿಗೆ ಮುಂಗಡ ಠೇವಣಿಯಿಂದ, ಅಂದರೆ ಇಎಂಡಿಯಿಂದ, ವಿನಾಯಿತಿ ಕೊಡುವ 2012ರ ಸಂಗ್ರಹಣಾ ನೀತಿ ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಅದರ ಉದ್ದಿಮೆಗಳಿಗೆ ಸಂಬಂಧಿಸಿದ್ದು. ನಗರಸಭೆಯ ಟೆಂಡರ್ ದಸ್ತಾವೇಜಿನಲ್ಲಿ ವಿನಾಯಿತಿ ಇದೆಯೆಂದು ಬರೆದಿಲ್ಲದಿದ್ದರೆ ಇಎಂಡಿ ಕಟ್ಟಲೇಬೇಕು. ಉದ್ಯಮ್ ಪತ್ರ ಲಗತ್ತಿಸಿ ಠೇವಣಿ ಕಟ್ಟದೆ ಬಿಟ್ಟವರ ಬಿಡ್, ಅಂದರೆ ಟೆಂಡರ್ ಅರ್ಜಿ, ತಿರಸ್ಕಾರವಾದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಮೀಸಲಾತಿಯೂ ಗಮನದಲ್ಲಿರಲಿ. ಕಾಮಗಾರಿಗಳ ಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇ. 17.15 ಮತ್ತು ಪರಿಶಿಷ್ಟ ಪಂಗಡದವರಿಗೆ ಶೇ. 6.95 ಮೀಸಲಿದೆ. ಇದು ಅನ್ವಯಿಸುವ ಕಾಮಗಾರಿಗಳ ಮಿತಿ 2023ರಲ್ಲಿ 50 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿತು. ಅರ್ಹರು ಚಾಲ್ತಿಯಲ್ಲಿರುವ ಜಾತಿ ಪ್ರಮಾಣಪತ್ರವನ್ನು ಕಡತದಲ್ಲಿ ಇಟ್ಟುಕೊಂಡು ಮೀಸಲು ಕಾಮಗಾರಿಗಳನ್ನು ಪ್ರತ್ಯೇಕವಾಗಿ ಹುಡುಕಬೇಕು. ಪರವಾನಗಿ ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು ಎಂಬ ಒಪ್ಪಂದಕ್ಕೆ ಯಾರೂ ಹೆಸರು ಕೊಡಬಾರದು. ಬಿಲ್ ಹಣ ಬೇರೆಯವರ ಕೈಗೆ ಹೋದ ಮೇಲೂ ತೆರಿಗೆ, ದೋಷ, ದೂರು ಎಲ್ಲವೂ ಪರವಾನಗಿ ಹೊಂದಿದವರ ತಲೆಗೇ ಬರುತ್ತವೆ.

ಪೋರ್ಟಲ್‌ನಲ್ಲಿ ಬಿಡ್ ಸಲ್ಲಿಸಲು ಮೂರನೇ ದರ್ಜೆಯ ಡಿಜಿಟಲ್ ಸಹಿ ಪ್ರಮಾಣಪತ್ರ ಬೇಕು. ಅದರ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ವರ್ಷಗಳ ಹಿಂದೆ ಒಬ್ಬ ಪಂಪ್ ರಿಪೇರಿದಾರರಿಗಾಗಿ ನಾನು ಸಿದ್ಧಪಡಿಸಿದ ಕಡತ ಎಲ್ಲ ರೀತಿಯಲ್ಲೂ ಸರಿಯಿತ್ತು. ಕೊನೆಯ ದಿನ ಮಧ್ಯಾಹ್ನ ನೋಡಿದರೆ ಡಿಜಿಟಲ್ ಸಹಿಯ ಅವಧಿ ಹಿಂದಿನ ವಾರವೇ ತೀರಿತ್ತು. ಆ ವರ್ಷದ ನಿರ್ವಹಣಾ ಗುತ್ತಿಗೆ ಅವರ ಕೈತಪ್ಪಿತು. ಅದು ನನ್ನ ತಪ್ಪು. ಆ ಮೇಲೆ ಪ್ರತಿ ಕಡತದ ಮೊದಲ ಹಾಳೆಯಲ್ಲಿ ಆ ದಿನಾಂಕವನ್ನು ಬರೆಯುವುದು ನನಗೆ ರೂಢಿಯಾಗಿದೆ.

ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಬೇಡ

ಟೆಂಡರ್ ದಸ್ತಾವೇಜನ್ನು ಮೊದಲ ಪುಟದಿಂದ ಓದುವ ಬದಲು ಅರ್ಹತೆಯ ಷರತ್ತಿನಿಂದ ಓದಲು ಶುರು ಮಾಡಿ. ಕಾಮಗಾರಿಗಳಿಗೆ ಮೊತ್ತಕ್ಕೆ ತಕ್ಕಂತೆ ಕೆಡಬ್ಲ್ಯೂ-1, ಕೆಡಬ್ಲ್ಯೂ-2, ಕೆಡಬ್ಲ್ಯೂ-4 ಮುಂತಾದ ಪ್ರಮಾಣಿತ ದಸ್ತಾವೇಜುಗಳಿವೆ. ದೊಡ್ಡ ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿ ಕೇಳುತ್ತಾರೆ: ಕಳೆದ ಐದು ವರ್ಷಗಳಲ್ಲಿ ಇಂತಿಷ್ಟು ವಹಿವಾಟು, ಅದೇ ಬಗೆಯ ಒಂದು ಕೆಲಸವನ್ನು ಮುಖ್ಯ ಗುತ್ತಿಗೆದಾರರಾಗಿ ಮುಗಿಸಿದ ಅನುಭವ, ಮತ್ತು ಉಳಿದಿರುವ ಸಾಮರ್ಥ್ಯ. ಈ ಮೂರನೆಯದರಲ್ಲೇ ಬಹಳ ಜನ ಎಡವುತ್ತಾರೆ.

ಸಾಮರ್ಥ್ಯದ ಸೂತ್ರ ಸಾಮಾನ್ಯವಾಗಿ ಹೀಗಿರುತ್ತದೆ. ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತವನ್ನು ಈ ಕಾಮಗಾರಿಯ ಅವಧಿಯಿಂದ, ವರ್ಷಗಳ ಲೆಕ್ಕದಲ್ಲಿ, ಗುಣಿಸಬೇಕು. ಬಂದದ್ದನ್ನು ಒಂದೂವರೆಯಿಂದ ಗುಣಿಸಿ, ಕೈಯಲ್ಲಿ ಉಳಿದಿರುವ ಕೆಲಸಗಳಲ್ಲಿ ಅದೇ ಅವಧಿಯೊಳಗೆ ಮುಗಿಸಬೇಕಾದ ಮೊತ್ತವನ್ನು ಕಳೆಯಬೇಕು. ನಿಮ್ಮ ಅತಿ ಹೆಚ್ಚಿನ ವರ್ಷ 80 ಲಕ್ಷದ್ದು, ಕಾಮಗಾರಿಯ ಅವಧಿ ಆರು ತಿಂಗಳು, ಕೈಯಲ್ಲಿ 35 ಲಕ್ಷದ ಕೆಲಸ ಬಾಕಿ ಇದೆ ಎನ್ನೋಣ. 80 ಲಕ್ಷದ ಅರ್ಧ 40 ಲಕ್ಷ, ಅದರ ಒಂದೂವರೆ ಪಟ್ಟು 60 ಲಕ್ಷ, 35 ಕಳೆದರೆ 25 ಲಕ್ಷ. ಇದೇ ಕಾರಣಕ್ಕೆ 30 ಲಕ್ಷದ ಟೆಂಡರಿನಲ್ಲಿ ನಿಮ್ಮ ದರ ಎಲ್ಲರಿಗಿಂತ ಕಡಿಮೆಯಿದ್ದರೂ ದರ ತೆರೆಯುವ ಮೊದಲಿನ ತಾಂತ್ರಿಕ ಹಂತದಲ್ಲೇ ಹೊರಬೀಳುತ್ತೀರಿ. ಬಾಕಿ ಕೆಲಸಗಳ ಪಟ್ಟಿಯಿಂದ ಒಂದನ್ನು ಬಿಟ್ಟು ಲೆಕ್ಕ ಸರಿ ಮಾಡಲು ಹೋಗಬೇಡಿ. ಎಲ್ಲ ಟೆಂಡರ್‌ಗಳೂ ಒಂದೇ ಪೋರ್ಟಲ್‌ನಲ್ಲಿ ಇರುವಾಗ ಮುಚ್ಚಿಟ್ಟದ್ದು ಹೊರಬರುತ್ತದೆ, ತಪ್ಪು ಮಾಹಿತಿ ಕೊಟ್ಟವರನ್ನು ಕಪ್ಪುಪಟ್ಟಿಗೆ ಸೇರಿಸಲು ಅವಕಾಶವಿದೆ.

ಷರತ್ತಿನಲ್ಲಿ ಅಸ್ಪಷ್ಟತೆ ಇದ್ದರೆ ಪೂರ್ವಭಾವಿ ಸಭೆಯಲ್ಲಿ ಅಥವಾ ಲಿಖಿತವಾಗಿ ಸ್ಪಷ್ಟನೆ ಕೇಳಿ. ಯಾವುದೋ ಒಂದೇ ಕಂಪನಿಗೆ ಹೊಂದುವಂತೆ ಷರತ್ತು ಬರೆದಿದ್ದಾರೆ ಅನ್ನಿಸಿದರೂ ಟೆಂಡರ್ ತೆರೆಯುವ ಮೊದಲೇ ಬರವಣಿಗೆಯಲ್ಲಿ ಆಕ್ಷೇಪಿಸಬೇಕು. ನಿಯಮದಲ್ಲಿ ಹೇಳಿದ ಕನಿಷ್ಠ ಕಾಲಾವಕಾಶವನ್ನು ಕಡಿತಗೊಳಿಸಬೇಕಾದರೆ ಟೆಂಡರ್ ಕರೆದ ಅಧಿಕಾರಿಗಿಂತ ಮೇಲಿನವರು ಕಾರಣ ದಾಖಲಿಸಿ ಅನುಮತಿ ಕೊಟ್ಟಿರಬೇಕು. ಆ ಅನುಮತಿಯ ಪ್ರತಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಸ್ಥಳಕ್ಕೆ ಹೋಗದೆ ಯಾವ ಕಾಮಗಾರಿಗೂ ದರ ಹಾಕಬಾರದು. ಚರಂಡಿಯ ಅಂದಾಜು ಪಟ್ಟಿಯಲ್ಲಿ ಅಗೆತ ಒಂದೇ ಸಾಲಿನಲ್ಲಿರುತ್ತದೆ. ಓಣಿಯೊಳಗೆ ಜೆಸಿಬಿ ನುಗ್ಗುತ್ತದೆಯೇ, ಕೆಳಗೆ ಬಂಡೆಯಿದೆಯೇ, ಕುಡಿಯುವ ನೀರಿನ ಪೈಪು ಅಡ್ಡ ಹಾಯ್ದಿದೆಯೇ ಎಂಬುದನ್ನು ಅಲ್ಲಿನ ನಿವಾಸಿಗಳೂ ವಾಲ್ವ್‌ಮನ್‌ಗಳೂ ಹೇಳಬಲ್ಲರು.

ದರದ ಲೆಕ್ಕ

ಅಂದಾಜು ಪಟ್ಟಿ ಎಸ್‌ಆರ್ ದರದ, ಅಂದರೆ ಇಲಾಖೆಯ ದರಪಟ್ಟಿಯ, ಮೇಲೆ ತಯಾರಾಗುತ್ತದೆ. ಕೆಲವು ಟೆಂಡರ್‌ಗಳಲ್ಲಿ ಪ್ರತಿ ಐಟಂಗೂ ದರ ಕೊಡಬೇಕು, ಕೆಲವದರಲ್ಲಿ ಅಂದಾಜಿಗಿಂತ ಶೇಕಡಾ ಎಷ್ಟು ಮೇಲೆ ಅಥವಾ ಕೆಳಗೆ ಎಂದಷ್ಟೇ ಹೇಳಬೇಕು. ಎರಡನೆಯ ಬಗೆಯಲ್ಲಿ ಒಂದೇ ಅಂಕಿ ಬರೆದರೆ ಮುಗಿಯಿತು ಎಂಬ ಸುಲಭತನವೇ ಅಪಾಯಕಾರಿ. ಎಷ್ಟೋ ಜನ ‘ಎಲ್ಲರೂ ಹತ್ತು ಕೆಳಗೆ ಹೋಗುತ್ತಾರೆ, ನಾನು ಹನ್ನೆರಡು ಹೋಗುತ್ತೇನೆ’ ಎಂದು ಲೆಕ್ಕವಿಲ್ಲದೆ ಹಾಕುತ್ತಾರೆ.

ಒಂದು ಉದಾಹರಣೆ ನೋಡೋಣ. ಜಿಎಸ್‌ಟಿ ಹೊರತುಪಡಿಸಿ ಅಂದಾಜು 20 ಲಕ್ಷ, ನೀವು ಶೇ. 10 ಕೆಳಗೆ ಹೋಗಿ 18 ಲಕ್ಷಕ್ಕೆ ಪಡೆದಿರಿ, ಸಾಮಗ್ರಿ, ಕೂಲಿ, ಸಾಗಣೆ ಸೇರಿ ನಿಮ್ಮ ಖರ್ಚು 16 ಲಕ್ಷ. ಕಾಗದದ ಮೇಲೆ 2 ಲಕ್ಷ ಲಾಭ. ಬಿಲ್‌ನಲ್ಲಿ ಕಟ್ಟಡ ಕಾರ್ಮಿಕರ ಸೆಸ್ ಶೇ. 1, ಅಂದರೆ 18,000 ರೂಪಾಯಿ ಹೋಗುತ್ತದೆ, ಅದು ತಿರುಗಿ ಬರುವುದಿಲ್ಲ. ಬಿಲ್ ಪಾವತಿಗೆ ಎಂಟು ತಿಂಗಳು ಹಿಡಿದರೆ, 16 ಲಕ್ಷಕ್ಕೆ ವರ್ಷಕ್ಕೆ ಶೇ. 12ರಂತೆ ಬಡ್ಡಿಯೇ 1.28 ಲಕ್ಷ. ಉಳಿದದ್ದು 54,000 ರೂಪಾಯಿ. ಅದರಲ್ಲೂ ಭದ್ರತಾ ಠೇವಣಿ ಶೇ. 5 ಇದ್ದರೆ 90,000 ರೂಪಾಯಿ ದೋಷ ಹೊಣೆಯ ಅವಧಿ, ಅಂದರೆ ಕೆಲಸದಲ್ಲಿ ಕಂಡ ದೋಷವನ್ನು ನೀವೇ ಸರಿಪಡಿಸಿಕೊಡಬೇಕಾದ ಕಾಲ, ಮುಗಿಯುವವರೆಗೆ ಕಚೇರಿಯಲ್ಲೇ ಇರುತ್ತದೆ. ಪಾವತಿಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆಯ ಟಿಡಿಎಸ್ (ವೈಯಕ್ತಿಕ ಮಾಲೀಕತ್ವಕ್ಕೆ ಶೇ. 1, ಪಾಲುದಾರಿಕೆ ಸಂಸ್ಥೆ ಮತ್ತು ಕಂಪನಿಗಳಿಗೆ ಶೇ. 2) ಮತ್ತು ಎರಡೂವರೆ ಲಕ್ಷ ಮೀರಿದ ಕರಾರುಗಳ ಮೇಲಿನ ಶೇ. 2ರ ಜಿಎಸ್‌ಟಿ ಟಿಡಿಎಸ್ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತವೆ ನಿಜ, ಆದರೆ ಅವುಗಳನ್ನು ಹೊಂದಿಸಿಕೊಳ್ಳುವವರೆಗೆ ಆ ಹಣವೂ ಕೈಯಲ್ಲಿರುವುದಿಲ್ಲ. ಜಲ್ಲಿ, ಮರಳಿಗೆ ರಾಜಧನ ಕಟ್ಟಿದ ರಸೀದಿ ಇಲ್ಲದಿದ್ದರೆ ಬಿಲ್‌ನಲ್ಲಿ ಅದನ್ನೂ ಹಿಡಿಯುತ್ತಾರೆ.

ಆದ್ದರಿಂದ ದರ ಬರೆಯುವ ಮೊದಲು ಕೇಳಬೇಕಾದ ಮುಖ್ಯ ಪ್ರಶ್ನೆ ‘ಈ ಕಚೇರಿಯಲ್ಲಿ ಈ ನಿಧಿಯ ಬಿಲ್‌ಗಳು ಈಗ ಯಾವ ತಿಂಗಳವರೆಗೆ ಪಾವತಿಯಾಗಿವೆ’ ಎಂಬುದು. ಅಲ್ಲಿ ಈಗಾಗಲೇ ಕೆಲಸ ಮಾಡಿದವರನ್ನು ಕೇಳಿ, ಲೆಕ್ಕಶಾಖೆಯಲ್ಲಿ ವಿಚಾರಿಸಿ. ಪಾವತಿ ತಡವಾಗುವ ಕಚೇರಿಯಲ್ಲಿ ದರ ಹೆಚ್ಚಿಸಿ ಸೋತರೂ ನಷ್ಟವಿಲ್ಲ. ಒಂದು ವರ್ಷದೊಳಗಿನ ಕಾಮಗಾರಿಗಳಿಗೆ ಸಾಮಾನ್ಯವಾಗಿ ಬೆಲೆ ಹೊಂದಾಣಿಕೆ ಇರುವುದಿಲ್ಲವಾದ್ದರಿಂದ ಸಿಮೆಂಟು, ಕಬ್ಬಿಣದ ಏರಿಕೆಯೂ ನಿಮ್ಮದೇ. ದರ ಅಸಹಜವಾಗಿ ಕಡಿಮೆಯಿದ್ದರೆ ಹೆಚ್ಚುವರಿ ಭದ್ರತೆ ಕೇಳುವ ಅಧಿಕಾರವೂ ಕಚೇರಿಗೆ ಇದೆ.

ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದನ್ನು ಪ್ರತಿ ಟೆಂಡರಿನಲ್ಲೂ ಹೊಸದಾಗಿ ನೋಡಬೇಕು. ಸ್ಥಳೀಯ ಸಂಸ್ಥೆಗಳಿಗೆ ಮಾಡುವ ಕಾಮಗಾರಿ ಗುತ್ತಿಗೆಯ ತೆರಿಗೆ 2022ರ ಜುಲೈ 18ರಿಂದ ಶೇ. 12ರಿಂದ 18ಕ್ಕೆ ಏರಿತು. ಆಗ ಹಳೆಯ ದರವನ್ನೇ ನಂಬಿ ಹಾಕಿದವರು ಶೇ. 6ನ್ನು ಕೈಯಿಂದ ಕಟ್ಟುವ ಪರಿಸ್ಥಿತಿಗೆ ಬಂದರು. ಸರಕು ಸೇರದ ಶುದ್ಧ ಸೇವೆಯನ್ನು ಪೌರ ಕಾರ್ಯಗಳಿಗಾಗಿ ಒದಗಿಸಿದಾಗ ವಿನಾಯಿತಿ ಇದೆ. ನಿಮ್ಮ ಸೇವೆ ಆ ವ್ಯಾಪ್ತಿಗೆ ಬರುತ್ತದೆಯೇ ಎಂದು ಲೆಕ್ಕಪರಿಶೋಧಕರಿಂದ ಬಿಡ್ ಹಾಕುವ ಮೊದಲೇ ತಿಳಿದುಕೊಳ್ಳಿ. ಮಾನವ ಸಂಪನ್ಮೂಲದ ಟೆಂಡರಿನಲ್ಲಿ ಕನಿಷ್ಠ ವೇತನ, ಇಪಿಎಫ್, ಉದ್ಯೋಗದಾತರ ಪಾಲಿನ ಶೇ. 3.25ರ ಇಎಸ್‌ಐ ಇವುಗಳಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡುವಂತಿಲ್ಲ. ಸ್ಪರ್ಧೆ ಸೇವಾ ಶುಲ್ಕದ ಮೇಲೆ ಮಾತ್ರ. ನಗರಸಭೆ ಹಣ ಕೊಡುವುದು ತಡವಾದರೂ ಚಾಲಕರಿಗೆ ಸಂಬಳ ಕೊಡುವ ಶಕ್ತಿ ಇಲ್ಲದವರು ಈ ಟೆಂಡರಿಗೆ ಹಾಕಲೇಬಾರದು. ಆ ತಡದ ಹೊರೆ ದಿನಗೂಲಿಯವರ ಮನೆಗೆ ಇಳಿಯುತ್ತದೆ.

ಸಲ್ಲಿಕೆ ಮತ್ತು ಆ ನಂತರ

ಇಎಂಡಿಯನ್ನು ಆನ್‌ಲೈನ್ ಅಥವಾ ಎನ್‌ಇಎಫ್‌ಟಿ ಮೂಲಕ ಕೊನೆಯ ದಿನಕ್ಕೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ ಕಟ್ಟಿ. ಹಣ ಪೋರ್ಟಲ್‌ನಲ್ಲಿ ದೃಢಪಟ್ಟ ಮೇಲೆಯೇ ಬಿಡ್ ಪೂರ್ಣವಾಗುತ್ತದೆ. ತಾಂತ್ರಿಕ ದಾಖಲೆ ಮತ್ತು ದರವನ್ನು ಬೇರೆ ಬೇರೆಯಾಗಿ ಸಲ್ಲಿಸುವ ಎರಡು ಲಕೋಟೆ ಪದ್ಧತಿಯಲ್ಲಿ ದರದ ಸುಳಿವು ತಾಂತ್ರಿಕ ಬಿಡ್‌ನ ಯಾವ ಕಾಗದದಲ್ಲೂ ಇರಬಾರದು. ತಿದ್ದುಪಡಿ ಪ್ರಕಟಣೆ ಬಂದಿದೆಯೇ ಎಂದು ಸಲ್ಲಿಸುವ ದಿನವೂ ಒಮ್ಮೆ ನೋಡಿ.

ಈ ಹಂತದಲ್ಲಿ ಫೋನುಗಳು ಬರುತ್ತವೆ. ‘ಈ ಸಲ ನೀವು ಬಿಡಿ, ಮುಂದಿನ ಸಲ ನಿಮಗೆ’ ಎಂಬ ಹೊಂದಾಣಿಕೆ 2002ರ ಸ್ಪರ್ಧಾ ಕಾಯ್ದೆಯಡಿ ನಿಷಿದ್ಧ. ಲಂಚ ಕೊಡುವುದು ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಟ್ಟವರಿಗೂ ನೇರ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ಕೇಳಿದವರ ವಿರುದ್ಧ ಲೋಕಾಯುಕ್ತಕ್ಕೆ ಹೋಗಬಹುದು. ಕಮಿಷನ್ನಿಗೆ ಜಾಗ ಬಿಟ್ಟು ಲೆಕ್ಕ ಹಾಕಿದ ದರದಲ್ಲಿ ಚರಂಡಿಯ ಕಾಂಕ್ರೀಟ್ ತೆಳುವಾಗುವುದನ್ನು ನಾವು ನಮ್ಮ ಬೀದಿಗಳಲ್ಲೇ ನೋಡುತ್ತಿದ್ದೇವೆ.

ಬಿಡ್ ತೆರೆದ ಮೇಲೆ ಸೋತಿದ್ದರೆ ಕಾರಣ ತಿಳಿದುಕೊಳ್ಳಿ, ಎಲ್ಲರ ದರಗಳನ್ನು ಹೋಲಿಸಿದ ತುಲನಾ ಪಟ್ಟಿಯ ಪ್ರತಿ ಪಡೆಯಿರಿ. ಟೆಂಡರ್ ಅಂಗೀಕರಿಸಿದ ಆದೇಶ ಅನ್ಯಾಯವೆನಿಸಿದರೆ ಕೆಟಿಪಿಪಿ ಕಾಯ್ದೆಯ 16ನೇ ಕಲಂ ಪ್ರಕಾರ ಆದೇಶ ತಲುಪಿದ 30 ದಿನಗಳೊಳಗೆ ನಿಗದಿತ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಗೆದ್ದಿದ್ದರೆ ಕಾರ್ಯಾದೇಶ ಕೈಗೆ ಬರುವ ಮೊದಲು, ಯಾರು ಎಷ್ಟೇ ಒತ್ತಾಯಿಸಿದರೂ, ಕೆಲಸ ಆರಂಭಿಸಬೇಡಿ. ಮೌಖಿಕ ಸೂಚನೆಯ ಮೇಲೆ ಮಾಡಿದ ಹೆಚ್ಚುವರಿ ಕೆಲಸಕ್ಕೆ ಹಣ ಪಡೆಯುವುದು ಬಹಳ ಕಷ್ಟ. ಮಣ್ಣಿನಡಿ ಮುಚ್ಚಿಹೋಗುವ ಪ್ರತಿ ಹಂತಕ್ಕೂ ದಿನಾಂಕ ಮತ್ತು ಸ್ಥಳ ಗುರುತಿರುವ ಫೋಟೋ ತೆಗೆಯಿರಿ, ಮುಚ್ಚುವ ಮೊದಲೇ ಕಿರಿಯ ಎಂಜಿನಿಯರ್ ಬಂದು ಅಳತೆ ಪುಸ್ತಕದಲ್ಲಿ (ಎಂಬಿ) ದಾಖಲಿಸುವಂತೆ ನೋಡಿಕೊಳ್ಳಿ. ಎಂಬಿಯಲ್ಲಿ ಬರೆಯದ ಕೆಲಸ ಬಿಲ್‌ನಲ್ಲಿ ಬರುವುದಿಲ್ಲ. ಸರಕು ಅಥವಾ ಸೇವೆ ಒದಗಿಸಿದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಬಲವಿದೆ: 45 ದಿನ ಮೀರಿದ ಪಾವತಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು, ಆದರೆ ಕರಾರಿಗೆ ಮೊದಲೇ ಉದ್ಯಮ್ ನೋಂದಣಿ ಆಗಿರಬೇಕು. ಕಾಮಗಾರಿ ಗುತ್ತಿಗೆಗಳಿಗೆ ಇದು ಅನ್ವಯಿಸುವುದಿಲ್ಲವೆಂಬ ಹೈಕೋರ್ಟ್ ತೀರ್ಪುಗಳಿರುವುದರಿಂದ ಆ ವರ್ಗದವರು ಇದನ್ನು ನೆಚ್ಚಿಕೊಳ್ಳಬಾರದು.

ಕೊನೆಯ ಬಿಲ್ ಸಲ್ಲಿಸುವ ದಿನವೇ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರಕ್ಕೂ ಅರ್ಜಿ ಕೊಡಿ. ಅದರಲ್ಲಿ ಟೆಂಡರ್ ಸಂಖ್ಯೆ, ಕರಾರಿನ ಮೊತ್ತ, ಆರಂಭ ಮತ್ತು ಮುಕ್ತಾಯದ ದಿನಾಂಕ, ಮುಖ್ಯ ಐಟಂಗಳ ಪ್ರಮಾಣ ಇವೆಲ್ಲ ಇರಬೇಕು, ಕಾರ್ಯಪಾಲಕ ಎಂಜಿನಿಯರ್ ಅಥವಾ ಸಂಸ್ಥೆಯ ಮುಖ್ಯಸ್ಥರ ಸಹಿ ಇರಬೇಕು. ಅಧಿಕಾರಿ ವರ್ಗವಾಗಿ ಹೋದ ಮೇಲೆ ಇದನ್ನು ಪಡೆಯಲು ವರ್ಷ ಹಿಡಿದವರಿದ್ದಾರೆ. ದೋಷ ಹೊಣೆಯ ಅವಧಿ ಮುಗಿಯುವ ದಿನಾಂಕವನ್ನೂ ಡಿಜಿಟಲ್ ಸಹಿಯ ದಿನಾಂಕದ ಪಕ್ಕದಲ್ಲೇ ಬರೆದುಕೊಂಡು, ಅದಕ್ಕೆ ಹದಿನೈದು ದಿನ ಮುಂಚೆ ಜಂಟಿ ತಪಾಸಣೆಗೆ ಪತ್ರ ಕೊಟ್ಟು, ಠೇವಣಿ ವಾಪಸಾತಿಯ ಅರ್ಜಿಗೆ ಟಪಾಲಿನ ಸ್ವೀಕೃತಿ ಸಂಖ್ಯೆ ಪಡೆಯಿರಿ.